ಕಾವೇರಿಯ ದ್ವೀಪದ ಲೆಕ್ಕದ ಪುಸ್ತಕ

ಶ್ರೀರಂಗಪಟ್ಟಣ ಒಂದು ದ್ವೀಪ. ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ, ಆದರೆ ಬಸ್ಸಿನಲ್ಲಿ ಸೇತುವೆ ದಾಟುವಾಗ ಅದು ನೆನಪಿಗೆ ಬರುವುದಿಲ್ಲ. ಪಶ್ಚಿಮದಲ್ಲಿ ಕಾವೇರಿ ಎರಡು ಕವಲಾಗುತ್ತಾಳೆ, ಪೂರ್ವದ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ನಡುವೆ ಉಳಿದದ್ದು ಸುಮಾರು ಮೂರು ಮೈಲಿ ಉದ್ದ, ಒಂದು ಮೈಲಿ ಅಗಲದ ನೆಲ. ಒಂದು ತುದಿಯಲ್ಲಿ ಕೋಟೆ, ರಂಗನಾಥನ ದೇವಾಲಯ, ಮಸ್ಜಿದೆ ಆಲಾ. ಇನ್ನೊಂದು ತುದಿಯಲ್ಲಿ ಗಂಜಾಂ ಮತ್ತು ಗುಂಬಜ್.

ಇಷ್ಟು ಸಣ್ಣ ನೆಲದ ಬಗ್ಗೆ ನಡೆಯುವಷ್ಟು ವಾದ ಇಡೀ ರಾಜ್ಯದಲ್ಲಿ ಬೇರೆ ಯಾವ ಊರಿನ ಬಗ್ಗೆಯೂ ನಡೆಯಲಿಕ್ಕಿಲ್ಲ. ಟಿಪ್ಪು ಸುಲ್ತಾನ್ ಶಹೀದರ ಹೆಸರು ಬಂದ ಕೂಡಲೇ ಒಂದು ಕಡೆಯವರೂ ಕತ್ತಿಯ ಮಾತಾಡುತ್ತಾರೆ, ಇನ್ನೊಂದು ಕಡೆಯವರೂ ಕತ್ತಿಯ ಮಾತೇ ಆಡುತ್ತಾರೆ. ಯಾರು ಯಾರನ್ನು ಕೊಂದರು, ಯಾರು ದ್ರೋಹ ಮಾಡಿದರು, ಮೀರ್ ಸಾದಿಕ್ ಏನು ಮಾಡಿದ. ನಮ್ಮ ಮಕ್ಕಳು ಬೆಳೆಯುತ್ತಿರುವುದು ಈ ಮಾತುಗಳ ನಡುವೆ. ಆದರೆ ಆ ದಿನದ ನಂತರ ಊರಿಗೆ ಏನಾಯಿತು, ಇಲ್ಲಿದ್ದ ಹಣ ಎಲ್ಲಿಗೆ ಹೋಯಿತು, ಇಲ್ಲಿದ್ದ ಜನ ಎಲ್ಲಿಗೆ ಹೋದರು ಎಂಬ ಲೆಕ್ಕದ ಪುಸ್ತಕವನ್ನು ಯಾರೂ ತೆರೆಯುವುದಿಲ್ಲ. ಹಾಗಾಗಿ ನಮ್ಮ ಹುಡುಗರಿಗೆ ಬಡತನಕ್ಕೆ ಎರಡೇ ಕಾರಣ ಗೊತ್ತು: ಒಂದು ಹಣೆಬರಹ, ಇನ್ನೊಂದು ನಮ್ಮ ಹಿರಿಯರ ಸೋಮಾರಿತನ. ಎರಡೂ ಸರಿಯಲ್ಲ ಎಂದು ನಾವು ನಂಬಿದ್ದೇವೆ.

ಜುಮಾ ಖುತ್ಬಾಗಳಲ್ಲಿ ಸೂರಃ ಅಲ್ ಮುತಫ್ಫಿಫೀನ್‌ನ ವಿಷಯ ಆಗಾಗ ಬರುತ್ತದೆ. ತಾವು ಪಡೆಯುವಾಗ ಪೂರ್ತಿ ಅಳೆದುಕೊಂಡು, ಕೊಡುವಾಗ ಕಡಿಮೆ ಅಳೆಯುವವರ ಕುರಿತ ಅಧ್ಯಾಯ ಅದು. ಹಝ್ರತ್ ಶುಐಬ್ (ಅ) ಅವರು ಮದ್ಯನ್ ಜನರನ್ನು ಎಚ್ಚರಿಸಿದ್ದೂ ಇದೇ ವಿಷಯದಲ್ಲಿ. ಇದನ್ನು ನಾವು ಸಂತೆಯ ತಕ್ಕಡಿಗೆ, ಮಟನ್ ಅಂಗಡಿಯ ತೂಕದ ಬಟ್ಟಿಗೆ ಮಾತ್ರ ಹಚ್ಚಿ ಬಿಟ್ಟುಬಿಡುತ್ತೇವೆ. ಒಂದು ದೇಶವೇ ಇನ್ನೊಂದು ದೇಶವನ್ನು ಹೀಗೆ ಅಳೆದರೆ ಏನಾಗುತ್ತದೆ ಎಂಬುದಕ್ಕೆ ಕಾವೇರಿಯ ಈ ದ್ವೀಪ ಒಂದು ಉದಾಹರಣೆ. ಸಮುದ್ರದಾಚೆ ಇನ್ನೂ ಕೆಲವು ದ್ವೀಪಗಳಿವೆ. ಅವುಗಳ ಕಥೆ ಸ್ವಲ್ಪ ಗೊತ್ತಿದ್ದರೆ ನಮ್ಮದು ಚೆನ್ನಾಗಿ ಅರ್ಥವಾಗುತ್ತದೆ, ಆದ್ದರಿಂದ ಮೊದಲು ಅಲ್ಲಿಗೆ ಹೋಗೋಣ.

ವೆಸ್ಟ್ ಇಂಡೀಸ್ ಎಂದರೆ ನಮಗೆ ಕ್ರಿಕೆಟ್. ಜಮೈಕಾ, ಬಾರ್ಬಡೋಸ್, ಟ್ರಿನಿಡಾಡ್, ಹೈಟಿ, ಇವೆಲ್ಲ ಅಮೆರಿಕದ ಬಳಿಯ ಕೆರಿಬಿಯನ್ ಸಮುದ್ರದಲ್ಲಿರುವ ನಾಡುಗಳು. ಸ್ಪೇನ್, ಇಂಗ್ಲೆಂಡ್, ಫ್ರಾನ್ಸ್‌ನವರು ಅಲ್ಲಿಗೆ ಹೋದ ಮೇಲೆ ಅಲ್ಲಿನ ಮೂಲ ಜನ ರೋಗದಿಂದ, ಬಲಾತ್ಕಾರದ ದುಡಿಮೆಯಿಂದ ಬಹುಪಾಲು ಅಳಿದುಹೋದರು. ಬರಿದಾದ ನೆಲದಲ್ಲಿ ಕಬ್ಬು ಹಾಕಿದರು. ಕಬ್ಬು ಕಡಿಯಲು ಆಫ್ರಿಕಾದಿಂದ ಜನರನ್ನು ಸರಪಳಿ ಹಾಕಿ ತಂದರು. ಹಾಗೆ ತಂದವರಲ್ಲಿ ಪಶ್ಚಿಮ ಆಫ್ರಿಕಾದ ಮುಸ್ಲಿಮರೂ ಇದ್ದರು, ಕುರ್‌ಆನ್ ಕಲಿತವರೂ ಇದ್ದರು. ಇಂದು ಹೈಟಿ ಎನ್ನುವ, ಆಗ ಫ್ರೆಂಚರ ಕೈಯಲ್ಲಿದ್ದ ಸೇಂಟ್ ಡೊಮಿಂಗ್‌ನಲ್ಲಿ 1790ರ ಹೊತ್ತಿಗೆ ಹೆಚ್ಚುಕಡಿಮೆ ಐದು ಲಕ್ಷ ಗುಲಾಮರಿದ್ದರು. ಜಮೈಕಾದಲ್ಲೂ ಲಕ್ಷಗಟ್ಟಲೆ. ಅಲ್ಲಿ ಊಟಕ್ಕೆ ಬೇಕಾದ್ದನ್ನು ಬೆಳೆಯಲು ಒಳ್ಳೆಯ ನೆಲ ಬಿಡುತ್ತಿರಲಿಲ್ಲ, ಏಕೆಂದರೆ ಸಕ್ಕರೆಗೆ ಸಿಗುವ ಬೆಲೆ ಅನ್ನಕ್ಕೆ ಸಿಗುತ್ತಿರಲಿಲ್ಲ. ಸಕ್ಕರೆ ಲಂಡನ್ನಿಗೆ, ಪ್ಯಾರಿಸ್ಸಿಗೆ, ಲಾಭವೂ ಅಲ್ಲಿಗೇ. ದ್ವೀಪದಲ್ಲಿ ಉಳಿಯುತ್ತಿದ್ದದ್ದು ಸವೆದ ಮಣ್ಣು ಮತ್ತು ಸವೆದ ಜನ. ಟ್ರಿನಿಡಾಡಿನ ಮೊದಲ ಪ್ರಧಾನಿ ಎರಿಕ್ ವಿಲಿಯಮ್ಸ್ ಮೂಲತಃ ಇತಿಹಾಸಕಾರರು. ಗುಲಾಮರ ಬೆವರಿನ ಹಣ ಇಂಗ್ಲೆಂಡಿನ ಬಂಡವಾಳಶಾಹಿ ಬೆಳೆಯಲು ಹೇಗೆ ನೆರವಾಯಿತು ಎಂಬುದರ ಮೇಲೆ ಅವರು 1944ರಲ್ಲೇ ಒಂದು ಪುಸ್ತಕ ಬರೆದರು.

ಆ ದ್ವೀಪಗಳಿಗೂ ನಮ್ಮ ದ್ವೀಪಕ್ಕೂ ನಡುವೆ ಒಂದು ಬಿರುಗಾಳಿ ಇದೆ. 1795ರ ಕೊನೆಯಲ್ಲಿ ಇಂಗ್ಲೆಂಡಿನಿಂದ ಒಂದು ದೊಡ್ಡ ಹಡಗುಪಡೆ ವೆಸ್ಟ್ ಇಂಡೀಸ್‌ಗೆ ಹೊರಟಿತು. ಗುಲಾಮರ ದಂಗೆಗಳನ್ನು ಹತ್ತಿಕ್ಕುವುದು, ಫ್ರೆಂಚರ ಸಕ್ಕರೆ ದ್ವೀಪಗಳನ್ನು ಕಿತ್ತುಕೊಳ್ಳುವುದು ಅದರ ಕೆಲಸ. ಅದರಲ್ಲಿ 33ನೇ ರೆಜಿಮೆಂಟ್ ಇತ್ತು, ಅದರ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಬಿರುಗಾಳಿಗೆ ಸಿಕ್ಕಿ ಹಡಗುಗಳು ಚದುರಿ, ಈ ರೆಜಿಮೆಂಟ್ ಇಂಗ್ಲೆಂಡಿಗೇ ಮರಳಬೇಕಾಯಿತು. ಮರುವರ್ಷ ಅದೇ ಪಡೆಯನ್ನು ಭಾರತಕ್ಕೆ ಕಳುಹಿಸಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದರ ಉಸ್ತುವಾರಿ ಸಿಕ್ಕಿದ್ದು ಇದೇ ವೆಲ್ಲೆಸ್ಲಿಗೆ. ದರಿಯಾ ದೌಲತ್‌ನಲ್ಲಿ ವಾಸ. ಲಂಡನ್ನಿನಲ್ಲಿ ಕುಳಿತವರ ಪಾಲಿಗೆ ಜಮೈಕಾ, ಹೈಟಿ, ಮೈಸೂರು ಎಲ್ಲವೂ ಒಂದೇ ನಕಾಶೆಯ ಮೇಲಿದ್ದವು ಎನ್ನಲು ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ಈಗ ನಮ್ಮ ದ್ವೀಪಕ್ಕೆ ಬರೋಣ. 1799ಕ್ಕೆ ಮೊದಲು ಇದು ಬರಿಯ ಕೋಟೆಯಾಗಿರಲಿಲ್ಲ, ಕೆಲಸದ ಊರಾಗಿತ್ತು. ಫಿರಂಗಿ ಎರಕ ಹೊಯ್ಯುವ, ಬಂದೂಕು ಮಾಡುವ ಕಾರ್ಖಾನೆಗಳಿದ್ದವು. ಇಲ್ಲಿನ ರಾಕೆಟ್ಟುಗಳನ್ನು ನೋಡಿಯೇ ಇಂಗ್ಲೆಂಡಿನ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ್ದು. ಗಂಜಾಂನಲ್ಲಿ ಬಟ್ಟೆ ನೇಯುವವರು, ಕಾಗದ ಮಾಡುವವರು. ಇಂದು ನಮ್ಮ ರಾಜ್ಯಕ್ಕೆ ಹೆಸರು ತಂದಿರುವ ರೇಷ್ಮೆ ಈ ಸೀಮೆಯಲ್ಲಿ ಬೇರೂರಿದ್ದು ಟಿಪ್ಪುವಿನ ಕಾಲದಲ್ಲಿ. ಬಂಗಾಳದಿಂದ ಹುಳು ತರಿಸಿ, ರಾಜ್ಯದ 21 ಕಡೆ ಸಾಕಣೆಗೆ ಏರ್ಪಾಡು ಮಾಡಿದ್ದರು. ಗಂಧ, ಮೆಣಸು, ಏಲಕ್ಕಿ ಮಾರಲು ಮಸ್ಕತ್‌ನಲ್ಲಿ ಸರ್ಕಾರದ್ದೇ ಕೋಠಿ ಇತ್ತು.

ಒಂದು ಆದೇಶವನ್ನಂತೂ ನಮ್ಮ ಓದುಗರು ತಿಳಿದಿರಬೇಕು. ಸರ್ಕಾರದ ವ್ಯಾಪಾರದಲ್ಲಿ ಪ್ರಜೆಗಳೂ ಹಣ ಹಾಕಬಹುದೆಂದು ಟಿಪ್ಪು ನಿಯಮ ಮಾಡಿದರು. 5ರಿಂದ 500 ರೂಪಾಯಿವರೆಗೆ ಹಾಕಿದವರಿಗೆ ವರ್ಷದ ಕೊನೆಗೆ ಅಸಲಿನ ಜೊತೆ ನೂರಕ್ಕೆ 50 ಲಾಭ. 500ರಿಂದ 5,000 ಹಾಕಿದವರಿಗೆ ನೂರಕ್ಕೆ 25. ಅದಕ್ಕೂ ಮೇಲೆ ಹಾಕಿದ ಸಾಹುಕಾರರಿಗೆ ನೂರಕ್ಕೆ 12. ಬಡವನ ಐದು ರೂಪಾಯಿಗೆ ಹೆಚ್ಚು ಪಾಲು, ಶ್ರೀಮಂತನ ಐದು ಸಾವಿರಕ್ಕೆ ಕಡಿಮೆ. ಇಂದಿನ ಯಾವ ಬ್ಯಾಂಕಿನ ಬಾಗಿಲಲ್ಲೂ ಇಂಥ ಬೋರ್ಡು ಕಾಣುವುದಿಲ್ಲ.

ಹಾಗೆಂದು ಆ ಕಾಲವನ್ನು ಜನ್ನತ್ ಎಂದು ಬಣ್ಣಿಸಲು ಹೊರಟಿಲ್ಲ. ಗಂಜಾಂಗೆ ಜನ ಬೇಕಾದಾಗ ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ ಇಲ್ಲಿಗೆ ತಂದರು ಎಂದು ಹಳೆಯ ಗೆಜೆಟಿಯರ್‌ಗಳು ದಾಖಲಿಸಿವೆ. ಶಿರಾದ ಮಗ್ಗಗಳು ಬರಿದಾಗದೆ ಗಂಜಾಂನ ಮಗ್ಗಗಳು ತುಂಬಲಿಲ್ಲ. ಮೆಣಸು, ಗಂಧವೆಲ್ಲ ಸರ್ಕಾರದ ಹಿಡಿತದಲ್ಲಿದ್ದುದರಿಂದ ವರ್ತಕರು ಖುಷಿಯಾಗಿರಲಿಲ್ಲ. ಯುದ್ಧದ ಮೇಲೆ ಯುದ್ಧ, ಕಂದಾಯದ ಮೇಲೆ ಕಂದಾಯ. ನಮ್ಮವರು ಎಂಬ ಕಾರಣಕ್ಕೆ ಇದನ್ನು ಮುಚ್ಚಿಟ್ಟರೆ ನಾವೇ ತಕ್ಕಡಿಗೆ ಕೈ ಹಚ್ಚಿದಂತೆ. ಆದರೂ ಒಂದು ವ್ಯತ್ಯಾಸ ಇತ್ತು. ಇಲ್ಲಿ ಸಂಗ್ರಹವಾದ ಹಣ ಇಲ್ಲೇ ಸುತ್ತುತ್ತಿತ್ತು: ಸಿಪಾಯಿಯ ಸಂಬಳವಾಗಿ, ಕಮ್ಮಾರನ ಕೂಲಿಯಾಗಿ, ಕಾಲುವೆಯ ದುರಸ್ತಿಯಾಗಿ.

ಆ ಹಣ ಮೊದಲು ಹೊರಗೆ ಹರಿದದ್ದು 1792ರಲ್ಲಿ. ಮೂರನೇ ಯುದ್ಧದಲ್ಲಿ ಸೋತ ಮೇಲೆ ಲಾರ್ಡ್ ಕಾರ್ನ್‌ವಾಲಿಸ್ ಅರ್ಧ ರಾಜ್ಯ ಕಿತ್ತುಕೊಂಡು, 3 ಕೋಟಿ 30 ಲಕ್ಷ ರೂಪಾಯಿ ದಂಡ ಹಾಕಿದ. ಅದು ತೀರುವ ತನಕ ಎಂಟು ಹತ್ತು ವರ್ಷದ ಇಬ್ಬರು ಶಹಜಾದೆಗಳು ಒತ್ತೆ. ಆ ಚಿತ್ರವನ್ನು ಇಂಗ್ಲಿಷ್ ಕಲಾವಿದರು ಬಹಳ ಇಷ್ಟಪಟ್ಟು ಬರೆದರು, ಕಾರ್ನ್‌ವಾಲಿಸ್ ಅವುಗಳಲ್ಲಿ ದಯಾಳು ತಂದೆಯಂತೆ ಕಾಣುತ್ತಾನೆ. ದಂಡದಲ್ಲಿ ಮೂರನೇ ಒಂದು ಪಾಲು ಖಜಾನೆಯಿಂದ ಬಂತು. ಮಿಕ್ಕದ್ದನ್ನು ಸೈನ್ಯದಿಂದ, ಅಧಿಕಾರಿಗಳಿಂದ, ಪ್ರಜೆಗಳಿಂದ ಎತ್ತಿದರು. ಅಂದರೆ ಕಂಪನಿಯ ಗೆಲುವಿನ ಖರ್ಚನ್ನು ಹೊಲ ಉಳುವವನೇ ಕಟ್ಟಿದ. ನಾಗಮಂಗಲದ ಗತಿ ಇನ್ನೂ ಕೆಟ್ಟದ್ದು. ಕಂಪನಿಯ ಜೊತೆಗೂಡಿದ್ದ ಮರಾಠಾ ದಂಡು ಆ ಯುದ್ಧದಲ್ಲೇ ಆ ಪೇಟೆಯನ್ನು ಹಾಳುಮಾಡಿ ಹೋಯಿತು.

1799ರ ಮೇ 4. ಅಂದು ಏನಾಯಿತೆಂದು ಎಲ್ಲರಿಗೂ ಗೊತ್ತು, ರಾತ್ರಿ ಏನಾಯಿತೆಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ರಾತ್ರಿಯಿಡೀ ಸೈನಿಕರು ಮನೆಮನೆ ಹೊಕ್ಕು ಲೂಟಿ ಮಾಡಿದರು. ಮರುದಿನ ಅಧಿಕಾರ ವಹಿಸಿಕೊಂಡ ವೆಲ್ಲೆಸ್ಲಿ ಕೆಲವರನ್ನು ನೇಣಿಗೆ ಹಾಕಿ, ಕೆಲವರಿಗೆ ಚಾಟಿಯೇಟು ಕೊಡಿಸಿ ಅದನ್ನು ನಿಲ್ಲಿಸಬೇಕಾಯಿತು. ಅನಂತರ ಲೂಟಿ ಕಾನೂನುಬದ್ಧವಾಯಿತು. ಅದಕ್ಕೆಂದೇ ಒಂದು ಸಮಿತಿ ಕೂತು, ಅರಮನೆಯ ವಸ್ತುಗಳಿಗೆ ಬೆಲೆ ಕಟ್ಟಿ, ಸೈನ್ಯದ ದರ್ಜೆಗೆ ತಕ್ಕಂತೆ ಹಂಚಿತು. ಸೇನಾಪತಿ ಜನರಲ್ ಹ್ಯಾರಿಸ್‌ಗೆ 1,42,902 ಪೌಂಡು. ಗೋರಾ ಸಿಪಾಯಿಗೆ ಸುಮಾರು 7 ಪೌಂಡು. ಕಂಪನಿಯ ಕಡೆ ಹೋರಾಡಿದ ನಮ್ಮ ದೇಶದ ಸಿಪಾಯಿಗೆ ಸುಮಾರು 5. ಹುಲಿ ಸಿಂಹಾಸನವನ್ನು ಒಡೆದು ತುಂಡು ಮಾಡಿದ್ದು ಅದರ ಚಿನ್ನವನ್ನು ಹಂಚಿಕೊಳ್ಳಲಿಕ್ಕಾಗಿ. ಸುಮಾರು ಎರಡು ಸಾವಿರ ಹಸ್ತಪ್ರತಿಗಳಿದ್ದ ಗ್ರಂಥಾಲಯ ಕಲ್ಕತ್ತಾ, ಲಂಡನ್‌ಗಳಿಗೆ ಹೋಯಿತು. ಚಾರ್ಲ್ಸ್ ಸ್ಟೂವರ್ಟ್ ಎಂಬ ಪ್ರೊಫೆಸರ್ 1809ರಲ್ಲಿ ಅದರ ಪಟ್ಟಿಯನ್ನು ಅಚ್ಚು ಹಾಕಿಸಿದ. ನಮ್ಮ ಪಟ್ಟಣದ ಗ್ರಂಥಾಲಯದಲ್ಲಿ ಏನಿತ್ತೆಂದು ತಿಳಿಯಲು ನಾವು ಇಂದಿಗೂ ಆ ಇಂಗ್ಲಿಷ್ ಪಟ್ಟಿಯನ್ನೇ ನೋಡಬೇಕು.

ಲೂಟಿ ಒಂದು ಸಲದ್ದು, ಮುಗಿಯುತ್ತದೆ. ವರ್ಷ ವರ್ಷವೂ ಹರಿಯುವ ಕಾಲುವೆಯನ್ನು ತೋಡಿದ್ದು ಅದೇ ವರ್ಷದ ಒಪ್ಪಂದ. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಗಾದಿಗೆ ಕೂರಿಸಿ, ಮೈಸೂರು ಪ್ರತಿವರ್ಷ 7 ಲಕ್ಷ ನಕ್ಷತ್ರ ವರಹ ಕಂಪನಿಗೆ ಕೊಡಬೇಕೆಂದು ಬರೆಸಿಕೊಂಡರು. ಒಂದು ವರಹಕ್ಕೆ ಮೂರೂವರೆ ರೂಪಾಯಿಯಂತೆ 24 ಲಕ್ಷ 50 ಸಾವಿರ ರೂಪಾಯಿ. ಯಾತಕ್ಕೆ? ಮೈಸೂರನ್ನು ‘ರಕ್ಷಿಸುವ’ ಕಂಪನಿ ಸೈನ್ಯದ ಖರ್ಚಿಗೆ. 1881ರವರೆಗಿನ 82 ವರ್ಷಕ್ಕೆ ಗುಣಿಸಿ ನೋಡಿ, 20 ಕೋಟಿ ದಾಟುತ್ತದೆ. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸುವಾಗ ಇದನ್ನು 35 ಲಕ್ಷಕ್ಕೆ ಏರಿಸುವ ಕರಾರಾಯಿತು, 1896ರಿಂದ ಜಾರಿಗೂ ಬಂತು. ಹಣ ಬರುವುದು ಅನುಮಾನ ಎನಿಸಿದರೆ ಆಡಳಿತವನ್ನೇ ಕಂಪನಿ ವಹಿಸಿಕೊಳ್ಳಬಹುದೆಂಬ ಷರತ್ತೂ ಒಪ್ಪಂದದಲ್ಲಿತ್ತು. ಕಂದಾಯದ ಗುತ್ತಿಗೆದಾರರ ಕಾಟಕ್ಕೆ ನಗರ ಸೀಮೆಯ ರೈತರು ದಂಗೆ ಎದ್ದ ಮೇಲೆ 1831ರಲ್ಲಿ ಆ ಷರತ್ತನ್ನು ಬಳಸಿಯೇಬಿಟ್ಟರು.

ಹೈಟಿಯವರಿಗೂ ಇಂಥದೇ ಕಾಗದ ಬಂದಿತ್ತು. ಅಲ್ಲಿನ ಗುಲಾಮರು ಫ್ರೆಂಚರನ್ನು ಸೋಲಿಸಿ 1804ರಲ್ಲಿ ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ತಂದು ನಿಲ್ಲಿಸಿ, ‘ನಿಮ್ಮ ಸ್ವಾತಂತ್ರ್ಯವನ್ನು ಒಪ್ಪಬೇಕಾದರೆ ನಮ್ಮ ಮಾಲೀಕರಿಗಾದ ನಷ್ಟ ಕೊಡಿ’ ಎಂದಿತು. ನಷ್ಟ ಎಂದರೆ ಕೈತಪ್ಪಿದ ಜಮೀನಿನ ಜೊತೆಗೆ ಗುಲಾಮರ ಬೆಲೆಯೂ. ಕೇಳಿದ್ದು 15 ಕೋಟಿ ಫ್ರಾಂಕ್, ಆಮೇಲೆ 9 ಕೋಟಿಗೆ ಇಳಿಸಿದರು. ಅದನ್ನು ಕಟ್ಟಲು ಪ್ಯಾರಿಸ್ಸಿನ ಬ್ಯಾಂಕುಗಳಿಂದಲೇ ಸಾಲ, ಆ ಸಾಲಕ್ಕೆ ಬಡ್ಡಿ. ಪೂರ್ತಿ ತೀರಿದ್ದು 1947ರಲ್ಲಿ. ಅಲ್ಲಿ ಗೆದ್ದವರೂ ಕಟ್ಟಿದರು, ಇಲ್ಲಿ ಸೋತವರೂ ಕಟ್ಟಿದರು.

ಇನ್ನು ದ್ವೀಪದ ಬಾಡಿಗೆಯ ಕಥೆ. 1799ರಲ್ಲಿ ಶ್ರೀರಂಗಪಟ್ಟಣವನ್ನು ಮೈಸೂರಿಗೆ ಕೊಡಲಿಲ್ಲ, ಕಂಪನಿಯೇ ಇಟ್ಟುಕೊಂಡಿತು. ಆಮೇಲೆ ವರ್ಷಕ್ಕೆ 50,000 ರೂಪಾಯಿ ಬಾಡಿಗೆಗೆ ಮೈಸೂರಿಗೇ ಬಿಟ್ಟಿತು. ತನ್ನ ಹಳೆಯ ರಾಜಧಾನಿಗೆ ಮೈಸೂರು 1881ರವರೆಗೆ ಬಾಡಿಗೆದಾರ. ಆ ವರ್ಷ ದ್ವೀಪ ಮೈಸೂರಿಗೆ ಮರಳಿತು, ಬದಲಿಗೆ ಬೆಂಗಳೂರಿನ ದಂಡು ಪ್ರದೇಶವನ್ನು ಬ್ರಿಟಿಷರು ಪಡೆದರು.

ಬಾಡಿಗೆಗಿಂತಲೂ ದೊಡ್ಡ ಏಟು ಬಿದ್ದದ್ದು ದುಡಿಮೆಗೆ. ಟಿಪ್ಪುವಿನ ಸೈನ್ಯ ವಿಸರ್ಜನೆಯಾಯಿತು. ರಾಜಧಾನಿ ಮೈಸೂರಿಗೆ ಹೋಯಿತು. ಕೆಲ ಕಾಲ ಕಂಪನಿಯ ದಂಡು ಇದ್ದುದರಿಂದ ಅಂಗಡಿ ಬೀದಿ ಉಸಿರಾಡುತ್ತಿತ್ತು, ಆದರೆ ಜ್ವರದ ಕಾಟ ಹೆಚ್ಚಿ ಅದೂ 1809ರಿಂದಾಚೆಗೆ ಬೆಂಗಳೂರಿಗೆ ಎದ್ದುಹೋಯಿತು. ಇಂದಿನ ಶಿವಾಜಿನಗರ, ಎಂ.ಜಿ. ರಸ್ತೆಯ ಕಡೆಯ ದಂಡು ಹುಟ್ಟಿದ್ದು ಹೀಗೆ, ನಮ್ಮ ಊರಿನ ದಂಡು ಕಿತ್ತು. ಕಂಪನಿ ಪರವಾಗಿ 1800ರಲ್ಲಿ ಈ ಸೀಮೆಯೆಲ್ಲ ಸುತ್ತಿದ ಡಾಕ್ಟರ್ ಬುಕನನ್ ಟಿಪ್ಪುವಿನ ಕಾಲದಲ್ಲಿ ದ್ವೀಪದ ಜನಸಂಖ್ಯೆ ಒಂದೂವರೆ ಲಕ್ಷ ಇದ್ದಿರಬೇಕೆಂದು ಅಂದಾಜು ಮಾಡಿದ. ಅವನು ಬಂದಾಗ ಉಳಿದಿದ್ದವರು ಸುಮಾರು 32,000. 1901ರ ಜನಗಣತಿಯಲ್ಲಿ 8,584.

ಈ ಮೂರು ಸಂಖ್ಯೆಗಳನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡಲಿ ಎಂದು ನಮ್ಮ ಆಸೆ. ಕತ್ತಿಯ ಮಾತು ಆಮೇಲೆ ಆಡಬಹುದು. ನೂರು ವರ್ಷದಲ್ಲಿ ಹದಿನೇಳರಲ್ಲಿ ಒಬ್ಬರು ಉಳಿದ ಊರು ಇದು. ಸಕ್ಕರೆ ದ್ವೀಪಗಳಿಗೆ ಜನರನ್ನು ಹೊತ್ತು ತಂದು ತುಂಬಿದರು, ಈ ದ್ವೀಪದಿಂದ ಜನ ಖಾಲಿಯಾದರು. ಜನ ಹೋದ ಮೇಲೆ ಮನೆಯ ತೊಲೆಗಳೂ ಹೋದವು. ಗಂಜಾಂ ಬಳಿಯ ಲಾಲ್‌ಬಾಗ್ ಅರಮನೆಯನ್ನು ಕೆಡವಿ, ಅದರ ಮರಮುಟ್ಟನ್ನು 1830ರ ಸುಮಾರಿಗೆ ಊಟಿಯ ಬೆಟ್ಟ ಹತ್ತಿಸಿ ಸೇಂಟ್ ಸ್ಟೀಫನ್ಸ್ ಚರ್ಚ್ ಕಟ್ಟಲು ಬಳಸಿದರು. ಪ್ರವಾಸಕ್ಕೆ ಹೋದವರು ಒಳಗೆ ನಿಂತು ಮೇಲೆ ನೋಡಿ, ನಮ್ಮ ಊರಿನ ತೊಲೆಗಳು ಕಾಣುತ್ತವೆ.

ಸೈನ್ಯ ಎಂದರೆ ಕತ್ತಿ ಹಿಡಿದವರಷ್ಟೇ ಅಲ್ಲ. ಕುದುರೆಗೆ ಲಾಳ ಕಟ್ಟುವವರು, ಜೀನು ಹೊಲಿಯುವವರು, ಡೇರೆ ಹಾಕುವವರು, ಮದ್ದು ಅರೆಯುವವರು, ಎತ್ತಿನ ಗಾಡಿಯವರು, ಲೆಕ್ಕ ಬರೆಯುವ ಮುನ್ಷಿಗಳು ಎಲ್ಲರೂ ಅದರ ಅನ್ನ ಉಂಡವರು. ಮುಸ್ಲಿಂ ಮನೆತನಗಳ ಹೆಸರಲ್ಲಿ ಇಂದಿಗೂ ಕಿಲ್ಲೇದಾರ್, ಜಮಾದಾರ್, ಗೋಲಂದಾಜ್ ಉಳಿದಿವೆ. ಕೋಟೆ ಹೋಯಿತು, ಫಿರಂಗಿ ಹೋಯಿತು. ಹಿಂದೂ ಕಮ್ಮಾರ, ನೇಕಾರ, ಬಣಜಿಗರ ಮನೆಗಳೂ ಇದೇ ಏಟು ತಿಂದವು, ಅದನ್ನು ಮರೆಯಬಾರದು. ವ್ಯತ್ಯಾಸವೆಂದರೆ ನಮ್ಮವರಲ್ಲಿ ಬಹಳ ಜನ ಜಮೀನಿನ ಮೇಲೆ ಬದುಕಿದವರಲ್ಲ, ಸರ್ಕಾರದ ಚಾಕರಿಯ ಮೇಲೆ, ಪೇಟೆಯ ಕಸುಬಿನ ಮೇಲೆ ಬದುಕಿದವರು. ಚಾಕರಿ ಹೋದಾಗ ಬೀಳಲು ಹೊಲವಿರಲಿಲ್ಲ. ಫಾರಸಿ ಬಲ್ಲ ಮುನ್ಷಿಯ ವಿದ್ಯೆಗೆ ಇಂಗ್ಲಿಷ್ ಕಚೇರಿಯಲ್ಲಿ ಬೆಲೆಯಿಲ್ಲವಾಯಿತು. ಆಮೇಲಿನ ತಲೆಮಾರುಗಳಲ್ಲಿ ನಮ್ಮ ನಾಲ್ಕೂ ತಾಲೂಕುಗಳ ಮನೆಗಳಲ್ಲಿ ಕಾಣುವ ಕಸುಬುಗಳನ್ನು ನೋಡಿ: ಲಾಳ ಕಟ್ಟುವುದು, ಪಾತ್ರೆಗೆ ಕಲಾಯಿ ಹಾಕುವುದು, ಹಾಸಿಗೆಯ ಹತ್ತಿ ಬಡಿಯುವುದು, ಹಣ್ಣಿನ ವ್ಯಾಪಾರ, ರೇಷ್ಮೆ ನೂಲು ತೆಗೆಯುವುದು, ಈಗ ಮೆಕ್ಯಾನಿಕ್ ಅಂಗಡಿ. ಎಲ್ಲ ಕೈ ಕೆಲಸ, ಹೊಲವಿಲ್ಲದವರ ಕೆಲಸ. ಸೋಮಾರಿಗಳು ಮಾಡುವ ಕೆಲಸ ಇದರಲ್ಲಿ ಒಂದೂ ಇಲ್ಲ.

ಪಾಂಡವಪುರದ ಹಿರಿಯರು ತಮ್ಮ ಊರನ್ನು ಹಿರೋಡೆ ಎಂದೂ, ಫ್ರೆಂಚ್ ರಾಕ್ಸ್ ಎಂದೂ ಕರೆದದ್ದನ್ನು ಕೇಳಿರಬಹುದು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಆ ಬಂಡೆಗಳ ಬಳಿ ಬಿಡಾರ ಹೂಡಿದ್ದರಿಂದ ಆ ಹೆಸರು. ಆ ಫ್ರೆಂಚರ ಸ್ನೇಹವನ್ನೇ ನೆಪ ಮಾಡಿಕೊಂಡು ಕಂಪನಿ 1799ರ ಯುದ್ಧ ಹೂಡಿತು. ಮಾರಿಷಸ್‌ನ ಫ್ರೆಂಚ್ ಗವರ್ನರ್ ಮಲಾರ್ಟಿಕ್ 1798ರ ಜನವರಿಯಲ್ಲಿ ಟಿಪ್ಪುವಿಗೆ ಸಹಾಯ ಮಾಡಲು ಸ್ವಯಂಸೇವಕರು ಬೇಕೆಂದು ಬಹಿರಂಗವಾಗಿ ಸಾರಿದ. ಬಂದವರು ನೂರರ ಆಸುಪಾಸು. ಸಿಕ್ಕಿದ ಲಾಭ ಇಷ್ಟು, ತೆತ್ತ ಬೆಲೆ ರಾಜ್ಯ. ಸ್ವಾತಂತ್ರ್ಯ ಸಮಾನತೆಯ ಮಾತಾಡುತ್ತಿದ್ದ ಅದೇ ಮಾರಿಷಸ್‌ನ ಫ್ರೆಂಚರು, ಗುಲಾಮಗಿರಿ ರದ್ದಾಗಿದೆ ಎಂಬ ಆಜ್ಞೆ ತಂದ ತಮ್ಮದೇ ಸರ್ಕಾರದ ಅಧಿಕಾರಿಗಳನ್ನು 1796ರಲ್ಲಿ ಹಡಗು ಹತ್ತಿಸಿ ಓಡಿಸಿದ್ದರು. ಯಾರೊಡನೆ ಸ್ನೇಹ ಮಾಡುತ್ತೇವೆ ಎಂಬುದನ್ನೂ ತೂಗಿ ನೋಡಬೇಕಿತ್ತು ಎಂದು ಇಂದು ಕುಳಿತು ಹೇಳುವುದು ಸುಲಭ.

ಇನ್ನು ಸಕ್ಕರೆ. ಎರಡು ಕಥೆಗಳು ಕೂಡುವ ಸಂಗಮ ಇದು. ಇಂಗ್ಲೆಂಡ್ ಬಹಳ ಕಾಲ ಭಾರತದ ಸಕ್ಕರೆಗೆ ಹೆಚ್ಚು ಸುಂಕ ಹಾಕಿ ತನ್ನ ವೆಸ್ಟ್ ಇಂಡೀಸ್ ಮಾಲೀಕರನ್ನು ಕಾಪಾಡಿತು. 1834ರಲ್ಲಿ ಗುಲಾಮಗಿರಿ ರದ್ದಾಯಿತು. ಪರಿಹಾರವಾಗಿ ಬ್ರಿಟಿಷ್ ಸರ್ಕಾರ 2 ಕೋಟಿ ಪೌಂಡು ಕೊಟ್ಟಿತು, ಗುಲಾಮರಾಗಿದ್ದವರಿಗೆ ಒಂದು ಕಾಸೂ ಇಲ್ಲ, ಎಲ್ಲ ಮಾಲೀಕರಿಗೆ. ಬಿಡುಗಡೆಯಾದವರು ಕಬ್ಬಿನ ಗದ್ದೆ ಬಿಟ್ಟು ನಡೆದಾಗ ಮಾಲೀಕರು ಭಾರತದ ಕಡೆ ನೋಡಿದರು. 1845ರ ಮೇ 30ರಂದು ಟ್ರಿನಿಡಾಡ್ ಮುಟ್ಟಿದ ಮೊದಲ ಕೂಲಿ ಹಡಗಿನ ಹೆಸರು ಫತ್ಹ್ ಅಲ್ ರಝ್ಝಾಕ್. ಕಟ್ಟಿಸಿದ್ದು ಬೊಂಬಾಯಿಯ ಒಬ್ಬ ಮುಸ್ಲಿಂ ವರ್ತಕ. ಅನ್ನದಾತನ ವಿಜಯ ಎಂಬ ಹೆಸರಿನ ಹಡಗಿನಲ್ಲಿ ಕರಾರಿನ ಕೂಲಿಗಳು ಹೋದರು! 1917ರವರೆಗೆ ಟ್ರಿನಿಡಾಡ್ ಒಂದಕ್ಕೇ ಸುಮಾರು 1,44,000 ಭಾರತೀಯರು ಹೋದರು, ಕಲ್ಕತ್ತಾದಿಂದ ಹೆಚ್ಚು, ಮದ್ರಾಸಿನಿಂದ ಸ್ವಲ್ಪ. ಇಂದು ಅಲ್ಲಿರುವ ಮಸೀದಿಗಳಲ್ಲಿ ಹಲವನ್ನು ಕಟ್ಟಿದ್ದು ಅವರ ಮಕ್ಕಳು.

ಅತ್ತ ವೆಸ್ಟ್ ಇಂಡೀಸ್‌ನಲ್ಲಿ ಸಕ್ಕರೆ ಕುಸಿಯುತ್ತಿದ್ದಾಗ, ಸುಂಕದ ತಾರತಮ್ಯ ತೆಗೆದ ಮೇಲೆ, ಇಂಗ್ಲಿಷ್ ಹಣ ಭಾರತದಲ್ಲಿ ಸಕ್ಕರೆ ಹುಡುಕತೊಡಗಿತು. ಅದು ನಮ್ಮ ಮನೆ ಬಾಗಿಲಿಗೇ ಬಂತು. 1847ರಲ್ಲಿ ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿಯಲ್ಲಿ ಗ್ರೋವ್ಸ್ ಕಂಪನಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ತೆರೆಯಿತು. ರೈತರ ಆಲೆಮನೆಯ ಬೆಲ್ಲವನ್ನು ಕೊಂಡು ಸಕ್ಕರೆ ಮಾಡುವುದು ಅದರ ಕೆಲಸ. 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಪಾಲಹಳ್ಳಿ ಸಕ್ಕರೆಗೆ ಬಹುಮಾನವೂ ಬಂತು. ಆಮೇಲೆ ಕಾರ್ಖಾನೆ ಮುಚ್ಚಿತು. ಬಹುಮಾನ ಕೊಟ್ಟ ಊರಿಗೆ ಪಾಲಹಳ್ಳಿ ಎಲ್ಲಿದೆ ಎಂಬುದೂ ನೆನಪಿರಲಿಕ್ಕಿಲ್ಲ.

ಕಬ್ಬು ನಮ್ಮ ಜಿಲ್ಲೆಯ ಹಣೆಯ ಮೇಲೆ ಶಾಶ್ವತವಾಗಿ ಬರೆದದ್ದು ಮುಂದಿನ ಶತಮಾನದಲ್ಲಿ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಇಚ್ಛೆ, ವಿಶ್ವೇಶ್ವರಯ್ಯನವರ ಲೆಕ್ಕಾಚಾರ, ಸಾವಿರಾರು ಕೂಲಿಗಳ ಬೆವರು. ಕೆ.ಆರ್.ಎಸ್. ಪ್ರವೇಶದ್ವಾರದಲ್ಲಿ ಟಿಪ್ಪುವಿನ ಕಾಲದ ಫಾರಸಿ ಶಾಸನವನ್ನು ಇಟ್ಟಿದ್ದಾರೆ. ಅದನ್ನು ಹಿಡಿದು ಕಟ್ಟೆ ಕಟ್ಟಿದ್ದು ಯಾರೆಂದು ಜಗಳ ಆಡುವವರಿದ್ದಾರೆ. ಕಟ್ಟೆ ಕಟ್ಟಿದ್ದು ಒಡೆಯರ ಸರ್ಕಾರ, ಅದರಲ್ಲಿ ಅನುಮಾನವಿಲ್ಲ. ಶಾಸನದ ಬೆಲೆ ಬೇರೆಡೆ ಇದೆ: ಹೊಸ ನೀರಿನಲ್ಲಿ ಪಾಳು ನೆಲ ಉತ್ತವನಿಗೆ ಕಂದಾಯದಲ್ಲಿ ನಾಲ್ಕನೇ ಒಂದು ಪಾಲು ಬಿಡುಗಡೆ, ಆ ನೆಲ ಅವನ ಮಕ್ಕಳು ಮೊಮ್ಮಕ್ಕಳಿಗೆ ಎಂದು ಅದರಲ್ಲಿ ಬರೆದಿದೆ. ನೀರಿನ ಯೋಜನೆಯಲ್ಲಿ ಮೊದಲು ಉಳುವವನ ಪಾಲನ್ನು ಬರೆದಿಟ್ಟದ್ದನ್ನು ನಮ್ಮ ಎಂಜಿನಿಯರ್ ಹುಡುಗರು ಹೋಗಿ ನೋಡಿ ಬರಬೇಕು.

ಕಟ್ಟೆಯಿಂದ ಹೊರಟ ಕಾಲುವೆಗೆ ವೈಸರಾಯ್ ಇರ್ವಿನ್ ಹೆಸರಿಟ್ಟರು, ಈಗ ಅದು ವಿಶ್ವೇಶ್ವರಯ್ಯ ನಾಲೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಯಿತು. ರಾಗಿ, ಹುರುಳಿ ತಿನ್ನುತ್ತಿದ್ದ ಸೀಮೆ ಭತ್ತ ಕಬ್ಬಿನದಾಯಿತು, ಅದರಿಂದ ಮನೆಗಳು ಹೆಂಚು ಕಂಡವು, ಮಕ್ಕಳು ಕಾಲೇಜು ಕಂಡರು. ಇದನ್ನು ಸಕ್ಕರೆ ದ್ವೀಪಗಳ ಗುಲಾಮಗಿರಿಗೆ ಸಮ ಎನ್ನುವುದು ಅನ್ಯಾಯದ ಮಾತು. ಇಲ್ಲಿ ಕಬ್ಬು ಬೆಳೆಯುವವನಿಗೆ ಸ್ವಂತ ನೆಲವಿದೆ, ವೋಟಿದೆ, ರೈತ ಸಂಘವಿದೆ. ಆದರೆ ಒಂದೇ ಬೆಳೆಗೆ ಬದುಕನ್ನು ಕಟ್ಟಿಹಾಕಿದ ಮೇಲೆ ಬೆಲೆ ನಿರ್ಧರಿಸುವವನು ಬೇರೆಯವನೇ ಆಗುತ್ತಾನೆ, ಅದರಲ್ಲಿ ಮಾತ್ರ ಜಮೈಕಾಕ್ಕೂ ಪಾಂಡವಪುರಕ್ಕೂ ಹೋಲಿಕೆ ತಪ್ಪಿದ್ದಲ್ಲ. 2015ರಲ್ಲಿ ಕಾರ್ಖಾನೆಗಳ ಬಾಕಿ, ಕುಸಿದ ಬೆಲೆ, ಕೈಸಾಲದ ಬಡ್ಡಿ ಸೇರಿ ಮಂಡ್ಯ ಜಿಲ್ಲೆಯಲ್ಲಿ ಕಬ್ಬು ಬೆಳೆಗಾರರು ಒಬ್ಬರ ಹಿಂದೊಬ್ಬರು ಜೀವ ಕಳೆದುಕೊಂಡರು. ಬಡ್ಡಿಯನ್ನು ಅಲ್ಲಾಹನು ಏಕೆ ಅಷ್ಟು ಕಟುವಾಗಿ ನಿಷೇಧಿಸಿದ್ದಾನೆ ಎಂದು ಕೇಳುವ ಯುವಕರಿಗೆ ಆ ವರ್ಷದ ಪತ್ರಿಕೆಗಳನ್ನು ತೋರಿಸಿದರೆ ಸಾಕು.

ನೀರು ಎಲ್ಲರಿಗೂ ಒಂದೇ ಸಮ ಬರಲಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಲ್ಲಿ ಎಕರೆಗೆ ಬೆಲೆ ಏರಿತು. ಕೆ.ಆರ್. ಪೇಟೆಗೆ ಹೇಮಾವತಿಯ ನೀರು ಬಂತು, ಮಾಕವಳ್ಳಿಯಲ್ಲಿ ಖಾಸಗಿ ಸಕ್ಕರೆ ಕಾರ್ಖಾನೆ ಬಂತು. ನಾಗಮಂಗಲ ಬಹುಪಾಲು ಮಳೆಯನ್ನೇ ನಂಬಿ ಉಳಿಯಿತು. ಅಲ್ಲಿನ ಹುಡುಗರು ಬೆಂಗಳೂರಿನ ಬಸ್ಸು ಹತ್ತಿದರು. ನಾಲೆ ಬಯಲಲ್ಲೂ ಹೊಲವಿಲ್ಲದವರಿಗೆ ನಾಲೆ ಬಂದರೂ ಒಂದೇ, ಬರದಿದ್ದರೂ ಒಂದೇ ಎನ್ನುವ ಸ್ಥಿತಿ. ನಮ್ಮ ಸಮುದಾಯದ ಹೆಚ್ಚಿನ ಮನೆಗಳಿಗೆ ಕಬ್ಬಿನ ಹಣ ಸಿಕ್ಕಿದ್ದು ಲಾರಿ ಬಾಡಿಗೆಯಾಗಿ, ಟ್ರ್ಯಾಕ್ಟರ್ ರಿಪೇರಿಯಾಗಿ, ಆಲೆಮನೆಯ ಕೂಲಿಯಾಗಿ. ಕಬ್ಬು ಕಡಿಯುವ ಕಾಲಕ್ಕೆ ಬಳ್ಳಾರಿ ಕಡೆಯಿಂದ ಬರುವವರು ಗದ್ದೆ ಬದಿಯ ಗುಡಾರದಲ್ಲಿ ಹೆಂಡತಿ ಮಕ್ಕಳ ಸಮೇತ ಇರುತ್ತಾರೆ, ಮೇಸ್ತ್ರಿಯಿಂದ ಮುಂಗಡ ತೆಗೆದುಕೊಂಡು ಬಂದವರು. ಮುಂಗಡ ತೀರುವ ತನಕ ಹೊರಡುವಂತಿಲ್ಲ. ಅವರ ಮಕ್ಕಳು ಆ ತಿಂಗಳುಗಳಲ್ಲಿ ಯಾವ ಶಾಲೆಯ ಹಾಜರಿಯಲ್ಲೂ ಇರುವುದಿಲ್ಲ. ಟ್ರಿನಿಡಾಡಿನ ಕರಾರು ಕೂಲಿಯ ಕಥೆ ಓದಿದವರಿಗೆ ಈ ಗುಡಾರಗಳನ್ನು ನೋಡದೆ ದಾಟಿಹೋಗುವುದು ಕಷ್ಟ. ಆಲೆಮನೆ ನಡೆಸುವ ನಮ್ಮ ಸಹೋದರರಿಗೆ ಕೂಲಿಯ ಬಗೆಗಿನ ಹದೀಸ್‌ಗಳು ಗೊತ್ತು, ನಾವು ಹೊಸದಾಗಿ ಹೇಳಬೇಕಾಗಿಲ್ಲ.

ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ರೈತರೇ ಷೇರು ಹಾಕಿ ಕಟ್ಟಿಕೊಂಡದ್ದು. ಬೆಲೆ ನಿರ್ಧರಿಸುವ ತಕ್ಕಡಿ ಒಮ್ಮೆಯಾದರೂ ಬೆಳೆದವನ ಕೈಯಲ್ಲಿರಲಿ ಎಂಬ ಆಸೆಯ ಫಲ ಅದು. ಹತ್ತಿರದ ಹಳ್ಳಿಗಳ ಮುಸ್ಲಿಂ ಮನೆಗಳಿಗೂ ಅದರ ಗೇಟಿನ ಹೊರಗಿನ ಚಹಾ ಅಂಗಡಿ, ಪಂಕ್ಚರ್ ಅಂಗಡಿಗಳಿಂದ ಅನ್ನ ಸಿಕ್ಕಿದೆ. ನಷ್ಟ, ಸಾಲ, ಹಳೆಯ ಯಂತ್ರ ಎಲ್ಲ ಸೇರಿ ಅದು ವರ್ಷಗಟ್ಟಲೆ ನಿಂತಿತು. 2020ರಲ್ಲಿ ಅದನ್ನು ಖಾಸಗಿಯವರಿಗೆ 40 ವರ್ಷದ ಗುತ್ತಿಗೆಗೆ ಕೊಟ್ಟರು. ಈಗ ಮತ್ತೆ ಹೊಗೆ ಏಳುತ್ತದೆ, ಕಬ್ಬಿನ ಗಾಡಿಗಳು ಸಾಲು ನಿಲ್ಲುತ್ತವೆ. ಅದರಿಂದ ಸುತ್ತಲಿನವರಿಗೆ ನೆಮ್ಮದಿಯೂ ಆಗಿದೆ. ಗುತ್ತಿಗೆ ಮುಗಿಯುವುದು 2060ರಲ್ಲಿ. ಈಗ ನಮ್ಮ ಮಕ್ತಬ್‌ಗಳಲ್ಲಿ ಅಲಿಫ್, ಬಾ ಕಲಿಯುತ್ತಿರುವ ಮಕ್ಕಳು ಆಗ ನಲವತ್ತರ ಆಸುಪಾಸಿನಲ್ಲಿರುತ್ತಾರೆ.